ಆರ್ಡರಿಗೂ ಆರ್ಡರಿಗೂ ನಡುವೆ: ರಕ್ಷಣಾ ಉದ್ಯಮದಲ್ಲಿ ಪೂರೈಕೆದಾರರ ಸಂಬಂಧವನ್ನು ಬಾಳಿಸುವ ಬಗೆ

ತೇಜಸ್ ಯುದ್ಧವಿಮಾನಗಳಿಗೆ ಬೇಕಾದ 99 ಎಫ್404 ಎಂಜಿನುಗಳಿಗಾಗಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆ 2021ರ ಆಗಸ್ಟಿನಲ್ಲಿ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ ಮೊದಲನೆಯದು ಸಂಸ್ಥೆಯ ಕೈಸೇರಿದುದು 2025ರ ಮಾರ್ಚಿನಲ್ಲಿ. ಈ ದೀರ್ಘವಿಳಂಬಕ್ಕೆ ಕಾರಣಗಳು ಹಲವಿದ್ದುವಾದರೂ, ಕಂಪನಿಯವರೇ ಮುಂದಿಟ್ಟ ಒಂದು ಕಾರಣವು ಈ ಉದ್ಯಮದಲ್ಲಿರುವ ಪ್ರತಿಯೊಬ್ಬರೂ ಮನಸ್ಸಿಗೆ ತಂದುಕೊಳ್ಳತಕ್ಕದ್ದಾಗಿದೆ. ಹಿಂದಿನ 65 ಎಂಜಿನುಗಳ ಸರಬರಾಜು ಮುಗಿದ ಮೇಲೆ ಹೊಸ ಆರ್ಡರು ಬಾರದೆ ಹೋದುದರಿಂದ ಆ ಮಾದರಿಯ ಉತ್ಪಾದನೆ ಐದು ವರ್ಷಗಳ ಕಾಲ ನಿಂತುಹೋಗಿತ್ತೆಂದೂ, ಅದನ್ನು ಮತ್ತೆ ಆರಂಭಿಸಬೇಕಾದರೆ ದೇಶದೇಶಗಳಲ್ಲಿ ಚದರಿಹೋಗಿದ್ದ ಬಿಡಿಭಾಗಗಳ ಪೂರೈಕೆದಾರರನ್ನು ಮರಳಿ ಒಂದುಗೂಡಿಸಬೇಕಾಯಿತೆಂದೂ ಅವರು ಹೇಳಿದರು.

ಅಮೆರಿಕದ ಸ್ಟಿಂಗರ್ ಕ್ಷಿಪಣಿಯ ವೃತ್ತಾಂತವೂ ಇಂಥದೇ. ಭುಜದ ಮೇಲಿರಿಸಿ ಹಾರಿಸುವ ಈ ವಿಮಾನನಾಶಕ ಅಸ್ತ್ರವನ್ನು ಆ ದೇಶದ ರಕ್ಷಣಾ ಇಲಾಖೆಯು ಸುಮಾರು 18 ವರ್ಷಗಳಿಂದ ಕೊಂಡಿರಲಿಲ್ಲ. ಉಕ್ರೇನ್ ಯುದ್ಧದ ದೆಸೆಯಿಂದ 2022ರಲ್ಲಿ ಬೇಡಿಕೆ ಏಕಾಏಕಿ ಏರಿದಾಗ, ಅದರ ಒಳಗಿನ ಕೆಲವು ಎಲೆಕ್ಟ್ರಾನಿಕ್ ಭಾಗಗಳನ್ನು ತಯಾರಿಸುವವರೇ ಇಲ್ಲದೆ, ರೇಥಿಯಾನ್ ಕಂಪನಿಯು ಅವನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು; ಅಷ್ಟೇ ಅಲ್ಲದೆ, ಎಪ್ಪತ್ತರ ಪ್ರಾಯದ ನಿವೃತ್ತ ಎಂಜಿನಿಯರುಗಳನ್ನು ಮನೆಯಿಂದ ಕರೆಸಿ ಹೊಸಬರಿಗೆ ಕೆಲಸ ಹೇಳಿಕೊಡಿಸಬೇಕಾಯಿತು. ಹಣವಿದ್ದ ಕಂಪನಿ, ಬಲವಿದ್ದ ಸರ್ಕಾರ, ಕೈಯಲ್ಲಿ ಆರ್ಡರು. ಇಷ್ಟಿದ್ದರೂ ಕೆಲಸ ಬಲ್ಲ ಕೈಗಳು ಅಷ್ಟರಲ್ಲಿ ಬೇರೆ ಕಡೆಗೆ ತಿರುಗಿಬಿಟ್ಟಿದ್ದುವು.

ರಕ್ಷಣಾ ಉದ್ಯಮದಲ್ಲಿ ಆರ್ಡರು ಬಿಟ್ಟುಬಿಟ್ಟು ಬರುವುದು ಸಹಜ. ಆದರೆ ಅದನ್ನು ಪೂರೈಸುವ ಸಾಮರ್ಥ್ಯವು ಅವಿಚ್ಛಿನ್ನವಾಗಿ ಉಳಿದಿರಬೇಕಾದುದು ಅಗತ್ಯ. ಈ ಎರಡರ ನಡುವಣ ಅಂತರವನ್ನು ತುಂಬತಕ್ಕದ್ದು ಕೊಳ್ಳುವವರಿಗೂ ಒದಗಿಸುವವರಿಗೂ ಇರುವ ಸಂಬಂಧವೊಂದೇ. ಪೀಣ್ಯದಲ್ಲಿಯೋ ಬೆಳಗಾವಿಯಲ್ಲಿಯೋ ನಾಲ್ಕಾರು ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಕೆಲಸ ಮಾಡಿಕೊಡುವ ಚಿಕ್ಕ ಉದ್ಯಮಿಗೂ, ಅಂಥವರಿಂದ ಕೊಳ್ಳುವ ಖರೀದಿ ವಿಭಾಗದ ಅಧಿಕಾರಿಗೂ ಈ ಸಂಬಂಧವನ್ನು ಕಟ್ಟಿ ಉಳಿಸಿಕೊಳ್ಳುವ ವಿಧಾನವನ್ನು ಕುರಿತು ಕೆಲವು ವ್ಯಾವಹಾರಿಕ ವಿಚಾರಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಈ ವ್ಯಾಪಾರದ ವೈಲಕ್ಷಣ್ಯ

ಕನ್ನಡನಾಡಿಗೆ ಈ ವಿಷಯ ಹೊರಗಿನದಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದ ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಬಂದಿತು. 1964ರಲ್ಲಿ ಈಗ ಬೆಮೆಲ್ ಎನಿಸಿಕೊಂಡಿರುವ ಸಂಸ್ಥೆ ಸ್ಥಾಪಿತವಾಯಿತು. ಈ ಕಾರ್ಖಾನೆಗಳ ಸುತ್ತಲೂ, ಅಲ್ಲಿಯೇ ಅಪ್ರೆಂಟಿಸರಾಗಿ ಕೆಲಸ ಕಲಿತು ಹೊರಬಂದು ತಮ್ಮದೇ ಷೆಡ್ಡು ಹಾಕಿಕೊಂಡವರಿಂದ, ಒಂದು ದೊಡ್ಡ ಉಪಕಾರ್ಖಾನೆಗಳ ಸಮೂಹವೇ ಬೆಳೆಯಿತು. ಇಂದು ತೇಜಸ್ಸಿನ ರೆಕ್ಕೆ ಕೊಯಮತ್ತೂರಿನಲ್ಲಿಯೂ ಮಧ್ಯದೇಹವು ಹೈದರಾಬಾದಿನಲ್ಲಿಯೂ ಮುಂಭಾಗವು ಬೆಂಗಳೂರಿನ ಖಾಸಗಿ ಕಾರ್ಖಾನೆಯೊಂದರಲ್ಲಿಯೂ ಸಿದ್ಧವಾಗುತ್ತಿರುವುದರಿಂದ, ಪೂರೈಕೆದಾರನಿಗೆ ಮತ್ತೊಬ್ಬ ಪೂರೈಕೆದಾರ, ಅವನಿಗೆ ಇನ್ನೊಬ್ಬ ಎಂಬ ಸರಪಣಿ ಹಿಂದಿಗಿಂತ ಉದ್ದವಾಗಿದೆ.

ಉಳಿದ ವ್ಯಾಪಾರಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳು ಮೂರು. ಕೊಳ್ಳುವವರು ಬಹಳ ಮಂದಿ ಇಲ್ಲ. ಕಟ್ಟಕಡೆಯ ಗಿರಾಕಿ ಸರ್ಕಾರವೊಂದೇ. ಎರಡನೆಯದಾಗಿ, ಬೇಕಾಗುವ ಸಂಖ್ಯೆ ಅಲ್ಪ. ವರ್ಷಕ್ಕೆ ಇಪ್ಪತ್ತೋ ಮೂವತ್ತೋ ತುಂಡುಗಳಿಗಾಗಿ ಕಾರಿನ ಬಿಡಿಭಾಗಗಳನ್ನು ಲಕ್ಷಗಟ್ಟಲೆ ಮಾಡುವವನು ತಲೆಕೆಡಿಸಿಕೊಳ್ಳುವುದಿಲ್ಲ. ಮೂರನೆಯದಾಗಿ, ಇಲ್ಲಿನ ಯಂತ್ರಗಳ ಆಯುಷ್ಯ ಅತಿ ದೀರ್ಘ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21 ವಿಮಾನವು ಸೇವೆಯಿಂದ ನಿವೃತ್ತವಾದುದು 2025ರ ಸೆಪ್ಟೆಂಬರಿನಲ್ಲಿ. 1979ರಲ್ಲಿ ಬಂದ ಜಾಗ್ವಾರ್ ಈಗಲೂ ಹಾರುತ್ತಿದೆ. ಅದನ್ನು ಹುಟ್ಟಿಸಿದ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಅದನ್ನು ಕೈಬಿಟ್ಟು ಬಹುಕಾಲವಾದುದರಿಂದ, ಬಿಡಿಭಾಗಗಳಿಗಾಗಿ ಪರದೇಶಗಳಲ್ಲಿ ನಿವೃತ್ತವಾಗಿ ನಿಂತ ವಿಮಾನದೇಹಗಳನ್ನು ತರಿಸಿಕೊಳ್ಳುವ ಸ್ಥಿತಿ ಒದಗಿದೆ. ಆದುದರಿಂದ ಒಂದು ಭಾಗವನ್ನು ಮಾಡಿಕೊಡಲು ಒಪ್ಪಿದವನು, ತನಗೆ ತಿಳಿದಿರಲಿ ತಿಳಿಯದಿರಲಿ, ತನ್ನ ಮಗನ ಕಾಲದವರೆಗೂ ಅದರ ಸಂಬಂಧದಲ್ಲಿ ಯಾರೋ ಬಂದು ವಿಚಾರಿಸಬಹುದಾದ ಕೆಲಸವನ್ನು ಒಪ್ಪಿಕೊಂಡಂತಾಯಿತು.

ಆಯ್ಕೆಯಲ್ಲಿ ಎಚ್ಚರ

ಸರ್ಕಾರಿ ಖರೀದಿಯಲ್ಲಿ ತಾಂತ್ರಿಕವಾಗಿ ಅರ್ಹರಾದವರೊಳಗೆ ಎಲ್ಲರಿಗಿಂತ ಕಡಮೆ ಬೆಲೆ ಕೇಳಿದವನಿಗೆ, ಎಂದರೆ ಎಲ್1 ಆದವನಿಗೆ, ಆರ್ಡರು ಸಲ್ಲುವುದು ಸಾಮಾನ್ಯ ನಿಯಮ. ಈ ನಿಯಮವನ್ನು ದೂಷಿಸುತ್ತ ಕುಳಿತರೆ ಪ್ರಯೋಜನವಿಲ್ಲ. ಬೆಲೆಯ ಲಕೋಟೆ ತೆರೆದ ಮೇಲೆ ವಿವೇಚನೆಗೆ ಎಡೆಯಿಲ್ಲವಾದುದರಿಂದ, ವಿವೇಚನೆಯನ್ನೆಲ್ಲ ಅದಕ್ಕೆ ಮುಂಚಿನ ಅರ್ಹತೆಯ ಪರೀಕ್ಷೆಯಲ್ಲಿಯೇ ಉಪಯೋಗಿಸಬೇಕು. ಪೂರೈಕೆದಾರನ ಕಾರ್ಖಾನೆಯನ್ನು ನೋಡಲು ಹೋದ ಅಧಿಕಾರಿಯು ಹೊಸ ಯಂತ್ರಗಳ ಹೊಳಪಿಗೆ ಮಾರುಹೋಗದೆ ಮೂರು ವಸ್ತುಗಳ ಮೇಲೆ ಕಣ್ಣಿಡುವುದು ಲೇಸು. ಮೊದಲನೆಯದು, ತಿರಸ್ಕೃತ ತುಂಡುಗಳನ್ನು ಹಾಕುವ ಕೆಂಪು ಡಬ್ಬಿ: ಅದಕ್ಕೆ ಬೀಗವಿದೆಯೇ, ಒಳಗಿರುವ ಪ್ರತಿಯೊಂದಕ್ಕೂ ಕಾರಣ ಬರೆದ ಚೀಟಿಯಿದೆಯೇ ಎಂಬುದು. ಡಬ್ಬಿ ಪೂರಾ ಖಾಲಿಯಾಗಿದ್ದರೆ ಸಂತೋಷಕ್ಕಿಂತ ಸಂದೇಹಕ್ಕೇ ಅಲ್ಲಿ ಕಾರಣ ಹೆಚ್ಚು. ಎರಡನೆಯದು, ಮೈಕ್ರೋಮೀಟರು ಮತ್ತು ಗೇಜುಗಳ ಮೇಲಿನ ಕ್ಯಾಲಿಬ್ರೇಷನ್ ಚೀಟಿಯ ತಾರೀಖು. ಮೂರನೆಯದು ಮನುಷ್ಯ: ಅತಿ ಸೂಕ್ಷ್ಮವಾದ ಕೆಲಸವನ್ನು ಮಾಡುವ ಹಿರಿಯ ಕಾರ್ಮಿಕ ನಾಳೆ ಬರದೆ ಹೋದರೆ ಅವನ ಜಾಗದಲ್ಲಿ ನಿಲ್ಲಬಲ್ಲ ಎರಡನೆಯವನು ಯಾರು ಎಂಬ ಪ್ರಶ್ನೆಗೆ ಮಾಲೀಕರು ಕೊಡುವ ಉತ್ತರ.

ಚಿಕ್ಕ ಉದ್ಯಮಿಯೂ ಗಿರಾಕಿಯನ್ನು ಆರಿಸಿಕೊಳ್ಳಬಹುದೆಂಬುದನ್ನು ಮರೆಯಬಾರದು. ವಿಚಾರಣೆ ಬಂದ ಮಾತ್ರಕ್ಕೆ ದರ ಬರೆದು ಕಳುಹಿಸದೆ, ವರ್ಷಕ್ಕೆ ಎಷ್ಟು ಸಂಖ್ಯೆ ಬೇಕಾದೀತು, ಕಚ್ಚಾ ಲೋಹವನ್ನು ಕೊಡುವವರು ಯಾರು, ಪರೀಕ್ಷೆ ನಡೆಸುವವರು ಕಂಪನಿಯವರೋ ಅಥವಾ ಸರ್ಕಾರದ ಗುಣಭರವಸೆಯ ನಿರ್ದೇಶನಾಲಯದವರೋ, ಉಷ್ಣಸಂಸ್ಕರಣ, ಆನೋಡೈಸಿಂಗ್ ಮೊದಲಾದ ವಿಶೇಷ ಪ್ರಕ್ರಿಯೆಗಳನ್ನು ಯಾವ ಅಂಗೀಕೃತ ಸ್ಥಳಗಳಲ್ಲಿ ಮಾಡಿಸಬೇಕು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅಂತೆಯೇ ಸಿಕ್ಕಿದ ಕೆಲಸಕ್ಕೆಲ್ಲ ಕೈಚಾಚದೆ ಒಂದು ಜಾತಿಯ ಭಾಗಗಳಲ್ಲಿ ಹೆಸರು ಸಂಪಾದಿಸಿಕೊಂಡವನನ್ನು ಗಿರಾಕಿ ತಾನಾಗಿ ಹುಡುಕಿಕೊಂಡು ಬರುವನು. ಪರದೇಶಗಳಿಂದ ಬರುತ್ತಿರುವ ಯಾವ ಯಾವ ವಸ್ತುಗಳನ್ನು ಇಲ್ಲಿಯೇ ಮಾಡಿಸಲು ಇಲಾಖೆ ಬಯಸುತ್ತದೆಂಬುದನ್ನು ರಕ್ಷಣಾ ಮಂತ್ರಾಲಯವು 2020ರಲ್ಲಿ ತೆರೆದ ಸೃಜನ್ ಜಾಲತಾಣದಲ್ಲಿ ನೋಡಬಹುದು. ಹೊಸ ಆವಿಷ್ಕಾರಗಳಿಗೆ 2018ರಿಂದ ನಡೆದುಬಂದಿರುವ ಐಡೆಕ್ಸ್ ಯೋಜನೆಯುಂಟು.

ತುಂಡಿನ ಜೊತೆಗೆ ನಡೆಯುವ ಕಾಗದ

ಅಂಗೈಯಗಲದ ಒಂದು ಬ್ರ್ಯಾಕೆಟ್ಟನ್ನು ತೆಗೆದುಕೊಳ್ಳೋಣ. 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಲಗೆಯಿಂದ ಕೊರೆದು ತೆಗೆದ ಈ ತುಂಡು ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಬಂದು ಕುಳಿತಾಗ ಅದರ ಪಕ್ಕದಲ್ಲಿ ಅದಕ್ಕಿಂತಲೂ ದಪ್ಪನಾದ ಒಂದು ಫೈಲು ಇರುತ್ತದೆ. ಲೋಹವನ್ನು ಕರಗಿಸಿದ ಕಾರ್ಖಾನೆಯ ಸರ್ಟಿಫಿಕೇಟು, ಅದರಲ್ಲಿ ಆ ಎರಕದ ಹೀಟ್ ನಂಬರು, ರಾಸಾಯನಿಕ ಘಟಕಗಳು, ಎಳೆತದ ಬಲ. ಯಾವ ಯಂತ್ರದಲ್ಲಿ ಯಾವ ದಿನ ಯಾರು ಯಾವ ಕೆಲಸ ಮಾಡಿದರೆಂಬುದನ್ನು ಸಾಲುಸಾಲಾಗಿ ಹೇಳುವ ರೂಟ್ ಕಾರ್ಡು. ಕುಲುಮೆಯ ಶಾಖದ ಏರಿಳಿತವನ್ನು ದಾಖಲಿಸಿದ ಚಾರ್ಟು. ಗಡಸುತನ ಮತ್ತು ವಿದ್ಯುದ್ವಾಹಕತೆಯ ಅಳತೆ. ಮೇಲುಲೇಪನ ಮಾಡಿದವರ ಪ್ರಮಾಣಪತ್ರ. ಕಡೆಗೆ ಮೊದಲ ತುಂಡಿನ ತಪಾಸಣೆಯ ವರದಿ. ಈ ವರದಿಯಲ್ಲಿ ಡ್ರಾಯಿಂಗಿನ ಒಂದೊಂದು ಅಳತೆಗೂ ಒಂದೊಂದು ವೃತ್ತ ಹಾಕಿ ಸಂಖ್ಯೆ ಕೊಟ್ಟು, ಎದುರಿಗೆ ಅಳೆದು ಕಂಡ ಬೆಲೆಯನ್ನೂ ಅಳೆದ ಗೇಜಿನ ಗುರುತನ್ನೂ ಬರೆದಿರುತ್ತಾರೆ.

ಹೊಸದಾಗಿ ಈ ಕ್ಷೇತ್ರಕ್ಕೆ ಬಂದವರಿಗೆ ಇದೆಲ್ಲ ದಫ್ತರದ ಕಾಟದಂತೆ ಕಾಣುವುದು ಸ್ವಾಭಾವಿಕ. ಆದರೆ ಹತ್ತು ವರ್ಷಗಳ ತರುವಾಯ ಎಲ್ಲಿಯೋ ಒಂದು ವಿಮಾನದಲ್ಲಿ ಇಂಥ ಬ್ರ್ಯಾಕೆಟ್ಟು ಬಿರುಕುಬಿಟ್ಟಿತೆನ್ನೋಣ. ಅದರ ಮೇಲಿನ ಗುರುತಿನಿಂದ ಹೀಟ್ ನಂಬರಿಗೂ, ಹೀಟ್ ನಂಬರಿನಿಂದ ಅದೇ ಹಲಗೆಯಿಂದ ಹುಟ್ಟಿದ ಉಳಿದ ತುಂಡುಗಳಿಗೂ ಹೋಗಲು ದಾರಿಯಿದ್ದರೆ ಆ ನಾಲ್ಕೈದು ವಿಮಾನಗಳನ್ನು ಮಾತ್ರ ನಿಲ್ಲಿಸಿ ಪರೀಕ್ಷಿಸಿದರೆ ಸಾಕು. ದಾರಿಯಿಲ್ಲದಿದ್ದರೆ ಇಡೀ ತಂಡವನ್ನೇ ನೆಲಕ್ಕಿಳಿಸಬೇಕಾಗುವುದು. ಸುಳ್ಳು ಕಾಗದದ ಅಪಾಯ ಎಷ್ಟರದೆಂಬುದನ್ನು ಹೊರದೇಶಗಳ ಅನುಭವವೂ ಹೇಳುತ್ತದೆ: ಅಮೆರಿಕದ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿಯು 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ದೇಶದ ರಕ್ಷಣಾ ಸರಬರಾಜಿನೊಳಗೆ ನಕಲಿಯೆಂದು ಶಂಕಿಸಲಾದ ಎಲೆಕ್ಟ್ರಾನಿಕ್ ಭಾಗಗಳ ಸುಮಾರು 1,800 ಪ್ರಕರಣಗಳನ್ನು ಗುರುತಿಸಲಾಗಿತ್ತು; 2024ರಲ್ಲಿ ಬೋಯಿಂಗ್ ಮತ್ತು ಏರ್‌ಬಸ್ ವಿಮಾನಗಳಲ್ಲಿಯೇ ಕೃತಕ ದಾಖಲೆಗಳೊಡನೆ ಬಂದ ಟೈಟಾನಿಯಂ ಸೇರಿತ್ತೆಂಬುದು ಬಯಲಾಯಿತು.

ಆದುದರಿಂದ ಹಲಗೆಯನ್ನು ಕತ್ತರಿಸುವ ಮೊದಲೇ ಹೀಟ್ ನಂಬರನ್ನು ಪ್ರತಿ ತುಂಡಿಗೂ ಕೊರೆಯಬೇಕು. ಕತ್ತರಿಸಿ ಉಳಿದ ಚೂರಿನ ಮೇಲೂ ಅದು ಇರಬೇಕು. ರೂಟ್ ಕಾರ್ಡನ್ನು ಕೆಲಸ ನಡೆದ ಹೊತ್ತಿನಲ್ಲಿಯೇ ತುಂಬಬೇಕೇ ಹೊರತು ಶನಿವಾರ ಸಂಜೆ ಕುಳಿತು ವಾರದ ಸಹಿಗಳನ್ನೆಲ್ಲ ಒಮ್ಮೆಗೇ ಹಾಕುವ ಅಭ್ಯಾಸವನ್ನು ಬೆಳೆಯಗೊಡಬಾರದು. ತಪ್ಪಿ ಬರೆದುದನ್ನು ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಎಎಸ್9100 ಮೊದಲಾದ ಪ್ರಮಾಣಪತ್ರಗಳಿಗೆ ಹಣ ತೆತ್ತು ಗೋಡೆಗೆ ಚೌಕಟ್ಟು ಹಾಕಿಸುವುದಕ್ಕಿಂತ ಈ ಸಣ್ಣ ಶಿಸ್ತು ಹೆಚ್ಚು ವಿಶ್ವಾಸವನ್ನು ಗಳಿಸಿಕೊಡುತ್ತದೆ.

ದೋಷ ಕಂಡ ಗಳಿಗೆ

ಹತ್ತು ಮಿಲಿಮೀಟರ್ ವ್ಯಾಸದ ರಂಧ್ರಕ್ಕೆ ಹದಿನೈದು ಮೈಕ್ರಾನಿನಷ್ಟು ಹೆಚ್ಚಳವನ್ನು ಮಾತ್ರ ಡ್ರಾಯಿಂಗು ಅನುಮತಿಸಿರುವಾಗ, ಮೂವತ್ತು ತುಂಡುಗಳೊಳಗೆ ಎರಡರಲ್ಲಿ ಅದು ಮೂವತ್ತು ಮೈಕ್ರಾನ್ ಬಂದಿದೆಯೆಂದು ಇಟ್ಟುಕೊಳ್ಳೋಣ. ಕಣ್ಣಿಗೆ ಕಾಣದ ದೋಷ. ಸರಕು ಹೊರಡಬೇಕಾದ ದಿನ ನಾಳೆ. ಸಂಬಂಧವು ಬಾಳುವುದೋ ಮುರಿಯುವುದೋ ಎಂಬುದು ನಿರ್ಧಾರವಾಗುವುದು ಇಂಥ ಸಂಜೆಗಳಲ್ಲಿ. ಪೂರೈಕೆದಾರನು ಆ ಎರಡು ತುಂಡುಗಳನ್ನು ಬೇರೆಯಿಟ್ಟು, ಅಳತೆಗಳನ್ನು ಯಥಾವತ್ತಾಗಿ ಬರೆದು ಕನ್ಸೆಷನ್ನಿಗೆ ಅರ್ಜಿ ಸಲ್ಲಿಸಿದರೆ, ವಿನ್ಯಾಸ ವಿಭಾಗದವರು ವಿಚಾರಮಾಡಿ ಬುಷ್ ಹಾಕಿ ಉಪಯೋಗಿಸಬಹುದೆಂದೋ, ಹಾಗೆಯೇ ಸ್ವೀಕರಿಸಬಹುದೆಂದೋ, ಅಥವಾ ಬಿಸಾಡತಕ್ಕದ್ದೆಂದೋ ಹೇಳುವರು. ಮುಚ್ಚಿಟ್ಟು ಕಳುಹಿಸಿದನೆಂದರೆ, ಜೋಡಣೆಯ ಹೊತ್ತಿಗೆ ಅದು ಹೊರಬಿದ್ದು ಎರಡು ತುಂಡುಗಳ ಬದಲು ಅವನು ಅದುವರೆಗೆ ಕಳುಹಿಸಿದ ಎಲ್ಲ ತುಂಡುಗಳೂ ಮರುಪರೀಕ್ಷೆಗೆ ಒಳಗಾಗುವುವು.

ಆದರೆ ಇಲ್ಲಿ ಹೊಣೆ ಒಬ್ಬನದೇ ಅಲ್ಲ. ತಾನಾಗಿ ಬಂದು ಹೇಳಿಕೊಂಡವನಿಗೂ ಸಿಕ್ಕಿಬಿದ್ದವನಿಗೂ ಒಂದೇ ದಂಡ, ಒಂದೇ ಡೆಬಿಟ್ ನೋಟು, ಒಂದೇ ಬೈಗುಳ ಎಂಬ ಪದ್ಧತಿಯಿರುವ ಕಂಪನಿಯಲ್ಲಿ ಎರಡನೆಯ ಸಲ ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಕನ್ಸೆಷನ್ ಅರ್ಜಿಗೆ ಇಷ್ಟು ದಿನಗಳೊಳಗೆ ಉತ್ತರ ಕೊಡುವೆವೆಂದು ಕಂಪನಿಯು ಗೊತ್ತುಮಾಡಿ ಅದರಂತೆ ನಡೆಯಬೇಕು. ಮೂಲಕಾರಣವನ್ನು ಹುಡುಕುವಾಗ ತನ್ನ ಎಂಜಿನಿಯರನ್ನೂ ಪೂರೈಕೆದಾರನ ಷೆಡ್ಡಿಗೆ ಕಳುಹಿಸಬೇಕು. ಎಷ್ಟೋ ವೇಳೆ ಮೂಲದೋಷವು ಡ್ರಾಯಿಂಗಿನಲ್ಲಿಯೇ, ಅನಾವಶ್ಯಕವಾಗಿ ಬಿಗಿಗೊಳಿಸಿದ ಅಳತೆಯಲ್ಲಿಯೇ ಇರುವುದು ಆಗ ತಿಳಿಯುತ್ತದೆ. ವಿಳಂಬದ ವಿಷಯವೂ ಹೀಗೆಯೇ. ತಡವಾದುದಕ್ಕೆ ವಾರಕ್ಕೆ ಶೇಕಡ ಅರ್ಧದಂತೆ ಒಟ್ಟು ಹತ್ತರವರೆಗೆ ಎಲ್‌ಡಿ ಕಡಿತವನ್ನು ವಿಧಿಸುವುದು ರೂಢಿಯಲ್ಲಿರುವ ಷರತ್ತು. ಆದರೆ ಎರಡು ತಿಂಗಳ ಮುಂಚೆ ತಿಳಿದ ವಿಳಂಬಕ್ಕೆ ಕಂಪನಿ ತನ್ನ ಜೋಡಣೆಯ ಕ್ರಮವನ್ನು ಬದಲಾಯಿಸಿಕೊಳ್ಳಬಲ್ಲದು, ಕಡೆಯ ದಿನ ತಿಳಿದುದಕ್ಕೆ ಏನೂ ಮಾಡಲಾರದು.

ಹಣದ ಲೆಕ್ಕ

ಚಿಕ್ಕ ಪೂರೈಕೆದಾರನು ಈ ಕ್ಷೇತ್ರವನ್ನು ಬಿಟ್ಟುಹೋಗುವುದಕ್ಕೆ ಕೆಲಸದ ಕಾಠಿಣ್ಯಕ್ಕಿಂತ ಬಿಲ್ಲು ಪಾಸಾಗದಿರುವುದೇ ಹೆಚ್ಚಾಗಿ ಕಾರಣ. ಈ ಸಂಬಂಧದಲ್ಲಿ ಕಾನೂನು ಸ್ಪಷ್ಟವಾಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಶಾಸನದಂತೆ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲತಕ್ಕ ಹಣವನ್ನು, ಬರಹದ ಕರಾರು ಇದ್ದ ಪಕ್ಷದಲ್ಲಿಯೂ, ಸರಕನ್ನು ಅಂಗೀಕರಿಸಿದ ದಿನದಿಂದ 45 ದಿನಗಳೊಳಗೆ ಕೊಡಬೇಕು. ಸರಕು ತಲುಪಿದ 15 ದಿನಗಳಲ್ಲಿ ಕೊಂಡವರು ಲಿಖಿತ ಆಕ್ಷೇಪಣೆ ಎತ್ತದಿದ್ದರೆ, ತಲುಪಿದ ದಿನವೇ ಅಂಗೀಕಾರವಾಯಿತೆಂದು ಭಾವಿಸಲ್ಪಡುವುದು. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ, ತಿಂಗಳು ತಿಂಗಳಿಗೂ ಚಕ್ರಬಡ್ಡಿ ಸಲ್ಲುತ್ತದೆ. ತಕರಾರನ್ನು ರಾಜ್ಯದ ಸೌಲಭ್ಯ ಮಂಡಲಿಯ ಮುಂದೆ ಒಯ್ಯಬಹುದು. 2023ರ ಹಣಕಾಸು ಶಾಸನವು ಇದಕ್ಕೆ ಇನ್ನೊಂದು ಬಿಗಿಯನ್ನು ಸೇರಿಸಿದೆ: ಈ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದ ವರೆಗೂ, ಕೊಂಡವರು ಆದಾಯತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ಈ ರಕ್ಷಣೆಗೆ ಉದ್ಯಮ್ ನೋಂದಣಿ ಆಧಾರವಾದುದರಿಂದ, ಅದರ ಸಂಖ್ಯೆಯನ್ನು ಪ್ರತಿ ಇನ್ವಾಯ್ಸಿನ ಮೇಲೂ ಅಚ್ಚುಹಾಕಿಸುವುದು ಉಚಿತ. ಆದರೂ ಬಹುಕಾಲದ ಗಿರಾಕಿಯ ಮೇಲೆ ದಾವೆ ಹೂಡಲು ಯಾರಿಗೂ ಮನಸ್ಸು ಬಾರದೆಂಬುದು ಎಲ್ಲರೂ ಬಲ್ಲ ಮಾತು. ಅಂಥವರಿಗೆ ಟಿಆರ್‌ಇಡಿಎಸ್ ವ್ಯವಸ್ಥೆ ಮಧ್ಯಮಮಾರ್ಗವಾಗಿದೆ. ಇಲ್ಲಿ ಕೊಂಡವರು ಇನ್ವಾಯ್ಸನ್ನು ಒಪ್ಪಿದರೆ ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ನಮೂದಿಸಿ ಪೂರೈಕೆದಾರನಿಗೆ ಹಣವನ್ನು ಮುಂಚಿತವಾಗಿ ಕೊಡುತ್ತವೆ. ಗಡುವಿನ ದಿನ ಕೊಂಡವರು ಕೊಡದೆ ಹೋದರೆ ಅದು ಬ್ಯಾಂಕಿನ ತಲೆನೋವೇ ಹೊರತು ಪೂರೈಕೆದಾರನದಲ್ಲ. ಖರೀದಿ ಅಧಿಕಾರಿಗಳು ಮಾಡಬಹುದಾದ ಉಪಕಾರ ಇನ್ನೂ ಸರಳವಾದುದು. ಬಿಲ್ಲು ಸ್ಟೋರ್ಸಿನಲ್ಲಿದೆಯೋ ಇನ್‌ಸ್ಪೆಕ್ಷನ್ನಿನಲ್ಲಿದೆಯೋ ಅಕೌಂಟ್ಸಿನಲ್ಲಿದೆಯೋ ಎಂಬುದನ್ನು ಪೂರೈಕೆದಾರನು ಗೇಟಿನ ಬಳಿ ಕಾಯದೆ ತಿಳಿದುಕೊಳ್ಳುವಂತೆ ಮಾಡಿದರೆ ಅರ್ಧ ಅಸಮಾಧಾನ ಅಲ್ಲಿಗೇ ಮುಗಿಯುತ್ತದೆ.

ಬೆಲೆಯ ವಿಷಯದಲ್ಲಿ ವರ್ಷವರ್ಷವೂ ಹೊಸ ಚೌಕಾಸಿ ಮಾಡುವುದಕ್ಕಿಂತ ಮೂರರಿಂದ ಐದು ವರ್ಷಗಳ ಕರಾರು, ಅದರಲ್ಲಿ ಲೋಹದ ಬೆಲೆ ಮತ್ತು ಡಾಲರಿನ ದರಕ್ಕೆ ಹೊಂದಿಕೊಂಡು ಏರಿಳಿಯುವ ಸೂತ್ರ, ಇಬ್ಬರಿಗೂ ನೆಮ್ಮದಿಯನ್ನು ಕೊಡುತ್ತದೆ. ವಿಮಾನದರ್ಜೆಯ ಲೋಹವನ್ನು ಮಾರುವ ಕಾರ್ಖಾನೆಗಳು ನಿರ್ದಿಷ್ಟ ಪರಿಮಾಣಕ್ಕೆ ಕಡಮೆಯಾಗಿ ಕೊಡುವುದೂ ಇಲ್ಲ, ಕೇಳಿದ ತಿಂಗಳಿಗೆ ಕಳುಹಿಸುವುದೂ ಇಲ್ಲ. ಆದುದರಿಂದ ಹಲವು ಚಿಕ್ಕವರ ಅಗತ್ಯವನ್ನು ಒಟ್ಟುಗೂಡಿಸಿ ದೊಡ್ಡ ಕಂಪನಿಯೇ ಕೊಂಡು ಹಂಚುವುದು ಮೇಲು. ಹಾಗೆ ಬಂದ ಲೋಹಕ್ಕೆ ವಿಮೆಯೋ ಬ್ಯಾಂಕ್ ಗ್ಯಾರಂಟಿಯೋ ಬೇಕಾಗುವುದಲ್ಲದೆ, ತುಂಡಿಗೂ ಸಿಪ್ಪೆಗೂ ತೂಕದ ಲೆಕ್ಕವೊಪ್ಪಿಸಬೇಕಾಗುವುದೆಂಬುದನ್ನು ಪೂರೈಕೆದಾರನು ದರ ಹಾಕುವಾಗಲೇ ನೆನಪಿನಲ್ಲಿಡಬೇಕು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ರಕ್ಷಣಾ ಖರೀದಿ ಕೈಪಿಡಿಯು, ಇಲ್ಲಿಯೇ ಅಭಿವೃದ್ಧಿಪಡಿಸಿದ ವಸ್ತುಗಳಿಗೆ ಐದು ವರ್ಷಗಳವರೆಗೆ ಆರ್ಡರಿನ ಭರವಸೆ ಕೊಡಲು ಎಡೆಮಾಡಿ, ಅಭಿವೃದ್ಧಿಯ ಹಂತದ ವಿಳಂಬಕ್ಕೆ ದಂಡವನ್ನು ಸಡಿಲಿಸಿರುವುದು ಈ ದಾರಿಯಲ್ಲಿ ಸ್ವಾಗತಾರ್ಹವಾದ ಹೆಜ್ಜೆ.

ಆರ್ಡರಿಲ್ಲದ ತಿಂಗಳುಗಳು

ಆರ್ಡರು ಕೈಯಲ್ಲಿರುವಾಗ ಎಲ್ಲರೂ ಬಂಧುಗಳೇ. ಕಡೆಯ ಸರಕು ಹೋಗಿ, ಮುಂದಿನ ತಂಡದ ಮಂಜೂರಾತಿ ದೆಹಲಿಯಲ್ಲಿ ಕುಳಿತಿರುವ ಎರಡು ಮೂರು ವರ್ಷಗಳಲ್ಲಿ ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುವರೆಂಬುದೇ ಈ ವಿಷಯದ ತಿರುಳು. ಈ ಅವಧಿಗೆಂದು ಮಾಡತಕ್ಕ ಕೆಲಸಗಳು ಕೆಲವಿವೆ.

ಜಿಗ್, ಫಿಕ್ಸ್ಚರ್ ಮತ್ತು ವಿಶೇಷ ಗೇಜುಗಳು ಯಾರ ಸ್ವತ್ತೆಂಬುದನ್ನು ಕರಾರಿನಲ್ಲಿಯೇ ಬರೆದಿಟ್ಟು, ಆರ್ಡರು ಮುಗಿದೊಡನೆ ಅವಕ್ಕೆ ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ, ಪಟ್ಟಿಮಾಡಿ ಜೋಪಾನವಾಗಿಡಬೇಕು. ಜೋಪಾನದ ಖರ್ಚನ್ನು ಸ್ವತ್ತಿನ ಒಡೆಯರು ಕೊಡಬೇಕು. ಸಿಎನ್‌ಸಿ ಪ್ರೋಗ್ರಾಮುಗಳನ್ನು ಡ್ರಾಯಿಂಗಿನ ಯಾವ ಪರಿಷ್ಕರಣಕ್ಕೆ ಸೇರಿದುವೆಂಬ ನಮೂದಿನೊಡನೆ ಎರಡು ಕಡೆ ಉಳಿಸಿಡಬೇಕು. ಇದಕ್ಕಿಂತಲೂ ಸೂಕ್ಷ್ಮವಾದುದು ಕಾಗದಕ್ಕೆ ಬಾರದ ಜ್ಞಾನ. ತೆಳುಗೋಡೆಯ ಭಾಗವನ್ನು ಕಡೆಯುವಾಗ ಅದು ಬಾಗದಂತೆ ಯಾವ ಕ್ರಮದಲ್ಲಿ ಕ್ಲ್ಯಾಂಪುಗಳನ್ನು ಸಡಿಲಿಸಬೇಕೆಂಬುದು ಹಿರಿಯ ಕೆಲಸಗಾರನ ಬೆರಳಿಗೆ ಗೊತ್ತಿರುತ್ತದೆ, ರೂಟ್ ಕಾರ್ಡಿಗೆ ಗೊತ್ತಿರುವುದಿಲ್ಲ. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಲು ಗಿರಾಕಿಯ ಅನುಮತಿ ದೊರೆಯದಿದ್ದರೆ, ಕಡೆಯ ಪಕ್ಷ ಅವನ ಬಾಯಿಂದ ಹೇಳಿಸಿ ಬರೆದಿಡಬೇಕು. ಸ್ಟಿಂಗರ್ ಪ್ರಕರಣದಲ್ಲಿ ನಿವೃತ್ತರನ್ನು ಕರೆಸಬೇಕಾದುದು ಇಂಥದೇ ಜ್ಞಾನಕ್ಕಾಗಿ.

ಕಂಪನಿಯ ಕಡೆಯಿಂದ, ನಿಶ್ಚಿತವಲ್ಲದ ಮುನ್ನೋಟವನ್ನಾದರೂ ಆರು ತಿಂಗಳಿಗೊಮ್ಮೆ ಹಂಚಿಕೊಳ್ಳುವುದು ದೊಡ್ಡ ಉಪಕಾರ. ಇದು ಆರ್ಡರಲ್ಲ, ಅಂದಾಜು ಎಂದು ಬಿಚ್ಚಿ ಹೇಳಿದರೆ ಯಾರೂ ಮೋಸಹೋಗುವುದಿಲ್ಲ. ಏನನ್ನೂ ಹೇಳದಿದ್ದರೆ ಮಾತ್ರ ಉದ್ಯಮಿಯು ತನ್ನ ಯಂತ್ರವನ್ನು ಕಾರಿನ ಭಾಗಗಳಿಗೆ ಕಾಯಂ ಆಗಿ ಒಪ್ಪಿಸಿಬಿಡುವನು. ಬಿಡಿಭಾಗಗಳ, ದುರಸ್ತಿಯ, ಹೊಸ ಮಾದರಿಯ ಪರೀಕ್ಷಾತುಂಡುಗಳ ಸಣ್ಣಪುಟ್ಟ ಆರ್ಡರುಗಳನ್ನು ಒಂದೇ ಸಲ ಕೊಟ್ಟು ಮುಗಿಸದೆ ಈ ಬರಗಾಲದಲ್ಲಿ ಹಂಚಿ ಹಾಕುವುದು ಇನ್ನೊಂದು ಉಪಾಯ. ಪೂರೈಕೆದಾರನ ಕಡೆಯಿಂದ, ತಾನು ಉಪಯೋಗಿಸುವ ಯಾವುದಾದರೂ ಚಿಪ್ಪು, ಸೀಲು, ರಬ್ಬರು, ಅಂಟು ಮಾರುಕಟ್ಟೆಯಿಂದ ಮರೆಯಾಗುವ ಸುಳಿವು ಸಿಕ್ಕಿದೊಡನೆ ಲಿಖಿತವಾಗಿ ತಿಳಿಸುವುದು ಧರ್ಮ. ಕಡೆಯ ಸಲಕ್ಕೆ ಸಾಕಷ್ಟು ಕೊಂಡಿಡಬೇಕೋ ಬದಲಿ ವಸ್ತುವನ್ನು ಪರೀಕ್ಷಿಸಿ ಅಂಗೀಕಾರ ಪಡೆಯಬೇಕೋ ಎಂಬುದನ್ನು ಆಗ ಸಾವಧಾನವಾಗಿ ನಿರ್ಧರಿಸಬಹುದು. ವಿಮಾನಕ್ಕೆ ಸಂಬಂಧಿಸಿದ ಬದಲಿ ವಸ್ತುವಿಗೆ ಸೆಮಿಲಾಕ್‌ನಂಥ ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ಬೇಕಾಗುವುದರಿಂದ, ತಿಂಗಳುಗಳ ಮಾತು ವರ್ಷಗಳಿಗೆ ಹೋಗುವುದು ಅಪರೂಪವಲ್ಲ.

ಅವಲಂಬನಕ್ಕೂ ಆತ್ಮೀಯತೆಗೂ ಎಲ್ಲೆ

ದೀರ್ಘಸಂಬಂಧವೆಂದರೆ ಒಬ್ಬರನ್ನೇ ನೆಚ್ಚಿ ಕೂರುವುದೆಂದಲ್ಲ. ಮುಖ್ಯಭಾಗಗಳಿಗೆ ಎರಡನೆಯ ಮೂಲವೊಂದನ್ನು ಬೆಳೆಸುವುದು ಕಂಪನಿಯ ಕರ್ತವ್ಯ. ಆದರೆ ಮೊದಲನೆಯವನು ಬೆವರು ಸುರಿಸಿ ಕಂಡುಕೊಂಡ ವಿಧಾನವನ್ನು ಎರಡನೆಯವನ ಕೈಗೆ ಗುಟ್ಟಾಗಿ ದಾಟಿಸುವುದು ದ್ರೋಹ. ಎರಡನೆಯವನನ್ನು ತರುವ ಮೊದಲು ಮೊದಲನೆಯವನಿಗೆ ತಿಳಿಸಿ, ಅವನ ಪಾಲು ಇಷ್ಟಕ್ಕಿಂತ ಕಡಮೆಯಾಗದೆಂದು ಗೊತ್ತುಮಾಡುವುದು ಸಜ್ಜನಿಕೆಯ ಮಾರ್ಗ. ಇತ್ತ ಉದ್ಯಮಿಯೂ ತನ್ನ ವಹಿವಾಟಿನ ಬಹುಭಾಗವನ್ನು ಒಬ್ಬನೇ ಗಿರಾಕಿಯ ಕೈಗೆ ಕೊಡದೆ, ಬಾಹ್ಯಾಕಾಶ, ವೈದ್ಯಕೀಯ ಉಪಕರಣ, ನಾಗರಿಕ ವಿಮಾನ ಮೊದಲಾದ ಸಮಾನಶಿಸ್ತಿನ ಕ್ಷೇತ್ರಗಳಲ್ಲಿಯೂ ಕಾಲೂರಿದರೆ, ರಕ್ಷಣೆಯ ಆರ್ಡರು ಬಾರದ ವರ್ಷಗಳಲ್ಲಿಯೂ ಕೆಲಸಗಾರರನ್ನು ಉಳಿಸಿಕೊಳ್ಳಬಲ್ಲನು.

ಆತ್ಮೀಯತೆ ಬೆಳೆದಂತೆಲ್ಲ ಎಲ್ಲೆಯನ್ನೂ ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ದೀಪಾವಳಿಯ ಸಿಹಿಯ ಪೊಟ್ಟಣದಲ್ಲಿ ಆರಂಭವಾದುದು ಎಲ್ಲಿಗೆ ಹೋಗಿ ಮುಟ್ಟುವುದೆಂದು ಹೇಳಲಾಗದು. ದೊಡ್ಡ ರಕ್ಷಣಾ ಖರೀದಿಗಳಲ್ಲಿ ಸಮಗ್ರತೆಯ ಒಡಂಬಡಿಕೆಗೆ ಸಹಿ ಹಾಕಬೇಕಾಗುವುದಲ್ಲದೆ, ಅದನ್ನು ಮೀರಿದವರು ವ್ಯವಹಾರದಿಂದಲೇ ಬಹಿಷ್ಕೃತರಾಗಬಹುದು. ರಹಸ್ಯದ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು. ಪಕ್ಕದ ಬೀದಿಯ ಪ್ಲೇಟಿಂಗಿನವನಿಗೆ ಡ್ರಾಯಿಂಗಿನ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವ ಚಾಳಿ ಎಷ್ಟೋ ಷೆಡ್ಡುಗಳಲ್ಲಿದೆ. 1923ರ ಅಧಿಕೃತ ರಹಸ್ಯ ಶಾಸನವು ಇಂದಿಗೂ ಜಾರಿಯಲ್ಲಿದೆಯೆಂಬುದನ್ನು ಅಂಥವರು ಅರಿತಿರಬೇಕು. ಹೊರದೇಶಗಳಿಗೆ ಸರಕು ಕಳುಹಿಸುವವರು ರಫ್ತಿನ ಮೇಲೆ ನಿಯಂತ್ರಣವಿರುವ ವಸ್ತುಗಳ ಸ್ಕೋಮೆಟ್ ಪಟ್ಟಿಯನ್ನು ನೋಡಿಕೊಳ್ಳಬೇಕು; ಆ ಪಟ್ಟಿಯ ನಿಯಂತ್ರಣ ವಸ್ತುವಿಗೆ ಮಾತ್ರವಲ್ಲದೆ, ತಂತ್ರಜ್ಞಾನಕ್ಕೂ, ಎಂದರೆ ಇ-ಮೇಲಿನಲ್ಲಿ ಹೋಗುವ ವಿವರಗಳಿಗೂ ಅನ್ವಯಿಸುತ್ತದೆ.

ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಇವನ್ನೆಲ್ಲ ಒಂದು ಆಚರಣೆಯ ರೂಪಕ್ಕೆ ತರಬೇಕಾದರೆ, ವರ್ಷಕ್ಕೊಮ್ಮೆ ಕಂಪನಿಯ ಖರೀದಿ, ಗುಣಪರೀಕ್ಷೆ ಮತ್ತು ವಿನ್ಯಾಸ ವಿಭಾಗದವರು ಮೂವರೂ ಒಟ್ಟಾಗಿ ಪೂರೈಕೆದಾರನ ಸ್ಥಳಕ್ಕೇ ಹೋಗಿ ಅರ್ಧ ದಿನ ಕುಳಿತು ಮಾತನಾಡುವುದು ಉತ್ತಮ. ಸನ್ಮಾನ, ಫಲಕಗಳ ವೆಂಡರ್ ಸಮಾವೇಶಗಳು ಇದರ ಸ್ಥಾನವನ್ನು ತುಂಬಲಾರವು. ಅಲ್ಲಿ ಚರ್ಚಿಸತಕ್ಕ ಪ್ರಶ್ನೆಗಳು ಇವು:

1. ಕಳೆದ ವರ್ಷ ತಿರಸ್ಕೃತವಾದ ತುಂಡುಗಳಲ್ಲಿ ಎಷ್ಟಕ್ಕೆ ಮೂಲಕಾರಣ ಸಿಕ್ಕಿತು, ಎಷ್ಟು ಮರುಕಳಿಸಿದುವು?
2. ಯಾವ ಬಿಲ್ಲು 45 ದಿನಗಳನ್ನು ದಾಟಿತು, ಯಾವ ಮೇಜಿನ ಮೇಲೆ ನಿಂತಿತ್ತು?
3. ಕನ್ಸೆಷನ್ ಮತ್ತು ಡ್ರಾಯಿಂಗಿನ ಸಂದೇಹಗಳಿಗೆ ಉತ್ತರ ಬರಲು ಎಷ್ಟು ದಿನ ಹಿಡಿಯಿತು?
4. ಮುಂದಿನ ಮೂರು ವರ್ಷಗಳಲ್ಲಿ ನಿವೃತ್ತರಾಗುವ ಕೆಲಸಗಾರರು ಯಾರು, ಅವರ ಕೆಲಸವನ್ನು ಕಲಿಯುತ್ತಿರುವವರು ಯಾರು?
5. ಯಾವ ಕಚ್ಚಾವಸ್ತು ಅಥವಾ ಉಪಭಾಗ ದುರ್ಲಭವಾಗುತ್ತಿದೆ?
6. ಆರ್ಡರು ಎರಡು ವರ್ಷ ಬಾರದಿದ್ದರೆ ಈ ಭಾಗವನ್ನು ಮತ್ತೆ ಮಾಡಲು ಎಷ್ಟು ಕಾಲ ಬೇಕು, ಆ ಕಾಲವನ್ನು ಕಡಮೆ ಮಾಡಲು ಈಗಲೇ ಏನು ಮಾಡಬೇಕು?

ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಮುಂದಿನ ವರ್ಷ ಅದೇ ಹಾಳೆಯಿಂದ ಮಾತನ್ನು ಆರಂಭಿಸಬೇಕು. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಮಾಲೀಕರ ಮಕ್ಕಳು ಅಧಿಕಾರ ವಹಿಸಿಕೊಳ್ಳುತ್ತಾರೆ. ಹಾಳೆ ಉಳಿದಿದ್ದರೆ ಹೊಸಬರು ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಗುವುದಿಲ್ಲ. ಆರನೆಯ ಪ್ರಶ್ನೆಗೆ ಇಬ್ಬರೂ ಒಪ್ಪುವ ಉತ್ತರ ಸಿಕ್ಕಿ, ಅದಕ್ಕಾಗುವ ಖರ್ಚನ್ನು ಹಂಚಿಕೊಳ್ಳುವ ಒಪ್ಪಂದವೂ ಆಯಿತೆಂದರೆ, ಆ ವರ್ಷ ಹೊಸ ಆರ್ಡರೊಂದೂ ಬಾರದಿದ್ದರೂ ಸಂಬಂಧ ಬೆಳೆದಿದೆಯೆಂದೇ ತಿಳಿಯಬೇಕು.